ಬೈರಮ್ಮನ ಮೊದಲ ಸಹಿ

ಗ್ರಂಥಾಲಯ ಇಲಾಖೆಯ ಸಾಹೇಬರು ತಪಾಸಣೆಗೆ ಬರುವ ಹೊತ್ತಿಗೆ ಲೈಬ್ರೇರಿಯನ್ ಭಾನುಮತಿ ಹಾಜರಿ ಪುಸ್ತಕದ ಗುರುತುಗಳನ್ನು ಮೂರು ಸಲ ಎಣಿಸಿ ಮುಗಿಸಿದ್ದಳು. ದಿನಕ್ಕೆ ಮೂವತ್ತು ಓದುಗರಿಲ್ಲದ ಶಾಖೆಗಳಿಗೆ ಎಂಬತ್ತನಾಲ್ಕನೇ ಇಸವಿಯಿಂದ ಅನುದಾನವಿಲ್ಲ ಎಂದು ಇಲಾಖೆಯ ಕಾಗದ ಬಂದಿತ್ತು. ಬಾಗಲಗುಂಟೆಯ ಲೈಬ್ರರಿಗೆ ನಲವತ್ತು ಜನ ಬರುತ್ತಿದ್ದರು. ಹತ್ತು ಸಹಿ, ಮೂವತ್ತು ಹೆಬ್ಬೆಟ್ಟು.

ಪೀಣ್ಯದ ಕಾರ್ಖಾನೆಗಳ ಮೊದಲ ಪಾಳಿ ಬಿಟ್ಟ ಮೇಲೆ, ಮೂರು ಗಂಟೆಗೆ, ಹೆಂಗಸರು ಬಂದು ನೆಲದ ಮೇಲೆ ಕೂರುತ್ತಿದ್ದರು. ಅವರಿಗೆ ಓದು ಬಾರದು. ನಾಲ್ಕು ಜನರೆದುರು ತನ್ನ ಹೆಸರು ಹೇಳಲೂ ತಡವರಿಸುವ ಭಾನುಮತಿಗೆ ಪುಸ್ತಕ ಕೈಗೆ ಬಂದರೆ ಮಾತ್ರ ದನಿ ಬರುತ್ತಿತ್ತು, ಗಟ್ಟಿಯಾಗಿ ಓದುತ್ತಿದ್ದಳು. ಕಾದಂಬರಿಯ ಅತ್ತೆಯನ್ನು ಬಾಯ್ತುಂಬ ಬೈದು, ಹೆಬ್ಬೆಟ್ಟು ಒತ್ತಿ, ಅವರು ಮನೆಗೆ ಹೋಗುತ್ತಿದ್ದರು. ಯಾವ ಗುರುತು ಯಾರದೆಂದು ಭಾನುಮತಿ ಬಲ್ಲಳು. ಲೇಥ್ ಶೆಡ್ಡಿನಲ್ಲಿ ಕಸ ಗುಡಿಸುವ ಬೈರಮ್ಮನದರಲ್ಲಿ ಕಬ್ಬಿಣದ ಸುರುಳಿ ಕುಯ್ದ ಓರೆ ಗೀರು. ಏಳು ತಿಂಗಳಿಂದ ಬೈರಮ್ಮ ಹೆಸರು ಬರೆಯಲು ಕಲಿಯುತ್ತಿದ್ದಳು. ಕೊನೆಯ ಒತ್ತಕ್ಷರವೊಂದು ಮಾತ್ರ ಕೈಗೆ ಹತ್ತಿರಲಿಲ್ಲ.

ಶ್ಯಾಮಸುಂದರ ಸಾಹೇಬರು ಪುಟ ತಿರುಗಿಸಿದರು. "ಏನ್ರೀ ಇದು? ಲೈಬ್ರರಿ ರಿಜಿಸ್ಟರೋ, ಜಮೀನು ಪತ್ರಾನೋ?"

ಕಟ್ಟಡದ ಮಾಲೀಕ ವೆಂಕಟೇಶಪ್ಪ ಸಾಹೇಬರಿಗೆಂದು ತಂದ ಎಳನೀರು ಹಿಡಿದುಕೊಂಡೇ ನಕ್ಕ. ಸ್ಪೇರ್ ಪಾರ್ಟ್ಸ್ ಅಂಗಡಿಯವನೊಬ್ಬ ಆಗಲೇ ಬಾಡಿಗೆಗೆ ಜಾಗ ನೋಡಿಕೊಂಡು ಹೋಗಿದ್ದ.

"ಸಾರ್, ಅವ್ರು... ಕೇಳೋಕೆ ಬರ್ತಾರೆ," ಎಂದಳು ಭಾನುಮತಿ.

"ಕೇಳೋರು ಹರಿಕಥೆಗೆ ಹೋಗ್ಲಿ. ಓದುಗರು ಅಂದ್ರೆ ಓದೋರು ಕಣಮ್ಮ."

ಕೆಂಪು ಪೆನ್ನು ಒಂದೊಂದೇ ಹೆಬ್ಬೆಟ್ಟಿನ ಮೇಲೆ ಗೀಟೆಳೆಯುತ್ತ ಹೋಯಿತು. ಭಾನುಮತಿ ಬ್ಯಾಗಿನಿಂದ ನಾಲ್ಕು ಪುಟದ ಅರ್ಜಿ ತೆಗೆದು ಮುಂದಿಟ್ಟಳು. ಓದು ಬಾರದವರಿಗೇ ಲೈಬ್ರರಿ ಎಲ್ಲರಿಗಿಂತ ಹೆಚ್ಚು ಬೇಕು, ಇದನ್ನು ಮುಚ್ಚಿದರೆ ಇವರಿಗೆ ಬೇರೆ ಬಾಗಿಲಿಲ್ಲ ಎಂದು ಅದರಲ್ಲಿ ಬರೆದಿದ್ದಳು.

ಸಾಹೇಬರು ಮೊದಲ ಸಾಲಷ್ಟೇ ನೋಡಿದರು. "ಅಕ್ಷರ ದುಂಡಗಿದೆ ಕಣ್ರೀ. ಲಗ್ನಪತ್ರಿಕೆ ಬರೆಯೋಕೆ ಲಾಯಕ್ಕು. ಏನಿದೆ ಇದ್ರಲ್ಲಿ, ಬಾಯಲ್ಲಿ ಹೇಳಿ."

ಓದಿ ಹೇಳಲು ಅವಳು ಅರ್ಜಿಗೆ ಕೈ ಚಾಚಿದಳು, ಸಾಹೇಬರು ಅದನ್ನು ಹಾಜರಿ ಪುಸ್ತಕದಡಿ ಸರಿಸಿದರು.

"ಸರಿ ಬಿಡಿ. ಒಪ್ಪಿಗೆ ಪತ್ರಕ್ಕೆ ಒಬ್ಬ ಓದುಗರ ಸಹಿ ಬೇಕು, ಯಾರಿದ್ದಾರೆ?"

ಮೂರು ಗಂಟೆಯಾಗಿತ್ತು. ಬಾಗಿಲಲ್ಲಿ ಬೈರಮ್ಮ ಚಪ್ಪಲಿ ಬಿಡುತ್ತಿದ್ದಳು.

"ಏನಮ್ಮ, ಸಹಿ ಹಾಕೋಕೆ ಬರುತ್ತಾ?"

"ಓ, ಬತ್ತದೆ ಸಾಮಿ! ಭಾನಮ್ಮೋರು ಕಲ್ಸವ್ರೆ."

ಬೈರಮ್ಮ ಸೆರಗಿಗೆ ಕೈ ಒರೆಸಿಕೊಂಡು, ನಾಲಿಗೆ ಕಚ್ಚಿಕೊಂಡು ಪೆನ್ನು ಹಿಡಿದಳು. 'ಬೇಡ' ಅನ್ನಲು ಎರಡೇ ಅಕ್ಷರ. ಇದು ಶಾಖೆ ಮುಚ್ಚುವ ಪತ್ರವೆಂದು ಬಲ್ಲ ಭಾನುಮತಿ ಅದನ್ನು ಹೇಳದೆ ಪೆನ್ನಿನ ತುದಿಯನ್ನೇ ನೋಡುತ್ತ ನಿಂತಳು. ಅಷ್ಟರಲ್ಲಿ 'ರ' ಮುಗಿದು 'ಮ' ಬಂದಿತ್ತು. ಆ ಒಂದು ಗಳಿಗೆ ಅವಳಿಗೆ ಬೇರೇನೂ ನೆನಪಾಗಲಿಲ್ಲ. ಒತ್ತು ಸರಿಯಾಗಿ ಬೀಳಲಿ ಎಂದಷ್ಟೇ ಆಸೆಪಟ್ಟಳು.

ಒತ್ತು ಸರಿಯಾಗಿ ಬಿತ್ತು.

"ನೋಡಿ ಭಾನಮ್ಮ, ಬಂದ್ಬುಡ್ತು!" ಬೈರಮ್ಮನ ಮುಖ ಅರಳಿತು. "ಈಗ ಓದಿ ಏಳಿ. ಯಾತಕ್ಕೆ ಆಕ್ದೆ ಅಂತ ಗೊತ್ತಾಗ್ಬೇಕಲ್ಲ."

"ಓದ್ರೀ, ದಿನಾ ಓದ್ತೀರಲ್ಲ," ಎಂದರು ಸಾಹೇಬರು.

ಕಾಗದ ಕೈಗೆ ಬಂದದ್ದೇ ತಡ, ಹಾಳು ದನಿ ತಾನಾಗಿ ಬಂತು. "ಓದುಗರ ಸಂಖ್ಯೆ ಸಾಲದ ಕಾರಣ ಈ ಶಾಖೆಯನ್ನು ಇಂದಿನಿಂದ ಮುಚ್ಚಲು ಓದುಗರ ಪೂರ್ಣ ಒಪ್ಪಿಗೆಯಿದೆ. ಸಹಿ, ಬೈರಮ್ಮ."

ಬೈರಮ್ಮ ಬಗ್ಗಿ ತನ್ನ ಸಹಿಯನ್ನು ನೋಡಿದಳು. "ಬೈರಮ್ಮ ಅಂದ್ರೆ... ನಾನೇನಾ?"

ಭಾನುಮತಿ ಕಾಗದವನ್ನು ಕೆಳಗಿಟ್ಟಳು.

"ಗೀಟು ಒಡ್ದಾಕ್ಬುಡಿ ಸಾಮಿ, ತಿಳೀದೆ ಆಕ್ಬುಟ್ಟೆ. ಬ್ಯಾಡ ಅಂತ ಇನ್ನೊಂದು ಬರ್ಕೊಳ್ಳಿ, ಎಬ್ಬೆಟ್ಟು ಒತ್ತುತೀನಿ." ಗೀರುಬಿದ್ದ ಬೆರಳನ್ನು ಅವಳು ಮುಂದೆ ಚಾಚಿದಳು.

ಸಾಹೇಬರು ಕಾಗದ ಮಡಿಸಿ ಜೇಬಿಗಿಟ್ಟುಕೊಂಡರು.

"ಹೆಬ್ಬೆಟ್ಟು ಲೆಕ್ಕಕ್ಕಿಲ್ಲಮ್ಮ," ಎಂದರು.