ಗಾಜಿಗೆ ಹಚ್ಚಿದ ಮಳೆ ಮದ್ದು

ನನ್ನ ನಾಲಿಗೆ ಸ್ವಲ್ಪ ಉದ್ದ ಎಂದು ಕೋಟದಲ್ಲಿ ಎಲ್ಲರಿಗೂ ಗೊತ್ತು. ಅಂಗಡಿಗೆ ಬಂದ ಯಾರನ್ನೂ ನಾನು ಒಂದು ಕೊಕ್ಕೆ ಹಾಕದೆ ಕಳಿಸಿದವನಲ್ಲ. ಜನ ಸೀಟ್ ಕವರ್ ಕೊಳ್ಳಲು ಬರುತ್ತಾರೋ ನನ್ನ ತಮಾಷೆ ಕೇಳಲು ಬರುತ್ತಾರೋ ಎಂದು ನನಗೇ ಅನುಮಾನ ಬರುತ್ತಿತ್ತು, ಆ ಅನುಮಾನದಲ್ಲಿ ಒಂದು ಹೆಮ್ಮೆಯೂ ಇತ್ತು. ಇದೆಲ್ಲ ಎರಡು ಸಾವಿರದ ಎಂಟನೇ ಇಸವಿಯ ಜೂನ್ ತಿಂಗಳವರೆಗಿನ ಮಾತು.

ಮನೆಯಲ್ಲಿ ಗದ್ದೆ ಇತ್ತು, ತೋಟ ಇತ್ತು. ಅಣ್ಣಂದಿರಿಬ್ಬರೂ ಮುಂಬೈಯಲ್ಲಿ ಹೋಟೆಲು ನಡೆಸುತ್ತಿದ್ದರು. ನಾನು ಹೈವೇ ಬದಿಯಲ್ಲಿ ಕಾರಿನ ಅಲಂಕಾರದ ಅಂಗಡಿ ಇಟ್ಟೆ. ಮಗಳ ಹೆಸರನ್ನೇ ಬೋರ್ಡಿಗೆ ಬರೆಸಿದೆ: ಸೌಜನ್ಯ ಕಾರ್ ಡೆಕೋರ್ಸ್. ಮ್ಯಾಟು, ಹಾರ್ನು, ದೇವರ ಸ್ಟಿಕ್ಕರು, ಕನ್ನಡಿಗೆ ನೇತು ಹಾಕುವ ಮಣಿಸರ, ಇಂಥವು. ಮಧ್ಯಾಹ್ನ ಊಟ ತರುವ ಹೆಂಡತಿ ಸ್ನೇಹಲತಾ ಸಂಜೆಯವರೆಗೆ ಕೌಂಟರಿನಲ್ಲಿ ಕೂರುತ್ತಿದ್ದಳು.

ಆ ವರ್ಷ ಮಳೆ ಹಿಡಿಯುವ ಮೊದಲು ಮಂಗಳೂರಿನ ಏಜೆಂಟನೊಬ್ಬ ಒಂದು ಪೆಟ್ಟಿಗೆ ಸಣ್ಣ ಬಾಟಲಿಗಳನ್ನು ತಂದುಕೊಟ್ಟ. ಕಾರಿನ ಗಾಜಿಗೆ ಹಚ್ಚಿದರೆ ಮಳೆನೀರು ನಿಲ್ಲುವುದಿಲ್ಲ ಎಂದ. ನಾನು ನಂಬಲಿಲ್ಲ. ನನ್ನದೇ ಕಾರಿನ ಮುಂದಿನ ಗಾಜಿಗೆ ಅರ್ಧ ಹಚ್ಚಿ, ಅರ್ಧ ಬಿಟ್ಟು, ಒಂದು ಚೊಂಬು ನೀರು ಹೊಯ್ದೆ. ಹಚ್ಚದ ಕಡೆ ನೀರು ಸೋರಿ ಹರಡಿತು. ಹಚ್ಚಿದ ಕಡೆ ಕೆಸುವಿನ ಎಲೆಯ ಮೇಲಿನಂತೆ ಮಣಿಮಣಿಯಾಗಿ ಉರುಳಿ ಹೋಯಿತು. ಮರುದಿನದಿಂದ ನಾನು ದಿನಕ್ಕೆ ಹತ್ತು ಸಲ ಚೊಂಬು ಹಿಡಿದು ಈ ಆಟ ತೋರಿಸತೊಡಗಿದೆ. ಜನ ಅದಕ್ಕೆ ಮಳೆ ಮದ್ದು ಎಂದು ಹೆಸರಿಟ್ಟರು.

ಹಚ್ಚುವ ಕ್ರಮ ಸುಲಭ. ಗಾಜನ್ನು ತೊಳೆದು ಒಣಗಿಸಬೇಕು. ಬಟ್ಟೆಗೆ ನಾಲ್ಕು ಹನಿ ಹಾಕಿ ತೆಳ್ಳಗೆ ಒಂದೇ ಸಲ ಸವರಬೇಕು. ಮಂಜು ಹಿಡಿದಂತೆ ಬೆಳ್ಳಗಾದ ಮೇಲೆ ಅದನ್ನು ಒರೆಸಿ ಒರೆಸಿ ಪೂರ್ತಿ ತೆಗೆಯಬೇಕು. ಕಣ್ಣಿಗೆ ಏನೂ ಕಾಣದಂತೆ ಉಳಿದದ್ದೇ ಮದ್ದು. ದಪ್ಪ ಉಳಿದರೆ ವೈಪರ್ ಕುಣಿಯುತ್ತದೆ, ಎದುರಿನಿಂದ ಬೆಳಕು ಬಿದ್ದರೆ ಗಾಜು ಮಜ್ಜಿಗೆ ಚೆಲ್ಲಿದಂತಾಗುತ್ತದೆ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು.

ಕೋಡಿಯ ಚಂದು ಬಂದದ್ದು ಒಂದು ಶನಿವಾರ. ಅವನ ಅಪ್ಪ ಗುಡ್ಡನಿಗೆ ದೋಣಿ ಇತ್ತು. ಅಪ್ಪ ಹೋದ ಮೇಲೆ ದೋಣಿಯೂ ಹೋಗಿ, ಚಂದು ಒಂದು ಹಳೇ ಓಮ್ನಿ ಹಿಡಿದು ಬಂದರಿನಿಂದ ಮೀನು ಸಾಗಿಸುತ್ತಿದ್ದ. ದಿನಾ ಬೆಳಿಗ್ಗೆ ಮುಂದಿನ ಸೀಟಿನಲ್ಲಿ ಅವನ ತಾಯಿ ಬೆಳ್ಳಿ ಕೂರುತ್ತಿದ್ದಳು. ಬಾರ್ಕೂರಿನಲ್ಲಿ ಇಳಿದು, ಬುಟ್ಟಿ ಹೊತ್ತು, ಮನೆಮನೆಗೆ ಮಾರುವವಳು. ಮೂವತ್ತು ವರ್ಷ ಅದೇ ದಾರಿ ನಡೆದವಳು. ದಾರಿಯಲ್ಲಿ ವಾರಕ್ಕೆರಡು ಸಲ ನಮ್ಮ ಮನೆಗೂ ಬಂದು, ಸ್ನೇಹಲತಾಳಿಗೆ ಬಂಗುಡೆ ಕೊಟ್ಟು, ಕಷ್ಟಸುಖ ಮಾತಾಡಿ ಹೋಗುತ್ತಿದ್ದಳು.

ಮೀನು ಹಿಡಿಯುವ ಟ್ರಾಲರುಗಳನ್ನು ಕಡಲಿಗೆ ಬಿಡದ ಮಳೆಗಾಲದ ಬಂದ್‌ಗೆ ನಾಲ್ಕೈದು ದಿನವಷ್ಟೇ ಉಳಿದಿತ್ತು. ಅಷ್ಟರಲ್ಲಿ ಎಷ್ಟು ಟ್ರಿಪ್ ಆಗುತ್ತದೋ ಅಷ್ಟು ಹೊಡೆಯುವ ಗಡಿಬಿಡಿ ಚಂದುವಿಗೆ. ಅವನ ಓಮ್ನಿಯ ವೈಪರ್ ಸವೆದು ಹೋಗಿತ್ತು. ನೀರು ನಿಲ್ಲದಿರಲೆಂದು ಬೀಡಿಯ ಹೊಗೆಸೊಪ್ಪನ್ನು ಗಾಜಿಗೆ ತಿಕ್ಕಿಕೊಂಡು ಹೇಗೋ ಓಡಿಸುತ್ತಿದ್ದ. ಈಗ ಮಳೆ ಮದ್ದಿನ ಸುದ್ದಿ ಕೇಳಿ ಬಂದಿದ್ದ. ನಮ್ಮ ಅಂಗಡಿಯ ಎದುರು ಮುಂಬೈಯಿಂದ ಬಂದವರೊಬ್ಬರ ಹೊಸ ಕಾರು ನಿಂತಿತ್ತು. ಚಂದು ಓಮ್ನಿಯನ್ನು ಅದಕ್ಕೆ ತಾಗಿಸಿದಂತೆ ನಿಲ್ಲಿಸಿದ. ಹಿಂದಿನ ಬಾಗಿಲಿನಿಂದ ಮೀನಿನ ನೀರು ನನ್ನ ಹೊಸ ಟೈಲ್ಸ್ ಮೇಲೆ ತೊಟ್ಟಿಕ್ಕುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತು.

"ಹಚ್ಚುಕೆ ಪುರ್ಸೊತ್ತಿಲ್ಲೆ ಈಗ. ಬಾಟ್ಲಿ ತಕಂಡ್ ಹೋಗಿ ನೀನೇ ಹಚ್ಕೋ," ಎಂದೆ.

"ಅಕ್ಕ್. ಹ್ವಾಯ್ ಪ್ರೇಮಣ್ಣ, ಇದ್ ಎಷ್ಟ್ ಕೈ ಹೊಡಿಕ್?" ಎಂದು ಅವನು ಬಾಟಲಿಯನ್ನು ತಿರುಗಿಸಿ ನೋಡಿದ. ಅದರ ಮೇಲೆ ಬರೆದದ್ದೆಲ್ಲ ಇಂಗ್ಲಿಷು. ಚಂದು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನೆಂದು ನನಗೆ ಗೊತ್ತಿತ್ತು.

"ನಿಂಗ್ ನಾನ್ ಹೇಳಿ ಕೊಡ್ಕಾ ಮಾರಾಯ? ನಿನ್ನಪ್ಪ ದೋಣಿಗ್ ಮೀನೆಣ್ಣಿ ಹೊಡಿತಿದ್ದ ಅಲ್ದಾ, ಹಂಗೇ ಹೊಡಿ. ಮೂರ್ ಕೈ. ಒರ್ಸುಕ್ ಮಾತ್ರ ಹೋಯ್ಬೇಡ, ಕುಡಿಲಿ ಅದ್!"

ಮುಂಬೈಯವರು ಜೋರಾಗಿ ನಕ್ಕರು. ಅಂಗಡಿಯಲ್ಲಿದ್ದ ಇನ್ನಿಬ್ಬರೂ ನಕ್ಕರು. ಚಂದುವೂ ಹಲ್ಲು ಬಿಟ್ಟು ನಕ್ಕು, ತಲೆ ಅಲ್ಲಾಡಿಸಿ ಹೋದ. ಮಳೆಗಾಲದ ಮೊದಲು ದೋಣಿಯನ್ನು ದಡಕ್ಕೆಳೆದು, ಮರಕ್ಕೆ ಎಣ್ಣೆಯನ್ನು ಒಂದರ ಮೇಲೊಂದು ಮೂರು ಸಲ ಬಳಿದು, ಒರೆಸದೆ ಬಿಸಿಲಿಗೆ ಬಿಡುವುದು ಅವರ ಕ್ರಮ. ಮರ ಕುಡಿಯುತ್ತದೆ, ಗಾಜು ಕುಡಿಯುವುದಿಲ್ಲ. ಇಷ್ಟು ಅವನಿಗೂ ಹೊಳೆಯುತ್ತದೆ ಎಂದುಕೊಂಡೆ.

"ಸಮಾ ಹೇಳಿ ಕಳ್ಸುಕ್ ಆತಿರ್ಲಿಲ್ಯಾ?" ಎಂದಳು ಕೌಂಟರಿನಲ್ಲಿದ್ದ ಸ್ನೇಹಲತಾ.

"ಅವ್ನಿಗ್ ಗೊತ್ತಾತ್ತ್ ಬಿಡ್," ಎಂದು ಹೊಸ ಕಾರಿನ ಕಡೆ ನಡೆದೆ. ಆ ಗಾಜಿಗೆ ಅರ್ಧ ಗಂಟೆ ಒರೆಸಿದೆ.

ಮಂಗಳವಾರ ಬೆಳಿಗ್ಗೆ ಆರೂವರೆಗೆ, ಸಾಲಿಗ್ರಾಮ ದಾಟಿದ ತಿರುವಿನಲ್ಲಿ, ಓಮ್ನಿ ರಸ್ತೆ ಬಿಟ್ಟು ಮೋರಿಯ ಕಟ್ಟೆಗೆ ಬಡಿಯಿತು. ಜೋರು ಮಳೆ. ಎದುರಿನಿಂದ ಬಸ್ಸು ದೀಪ ಹಾಕಿಕೊಂಡು ಬಂದಿತ್ತಂತೆ. ಚಂದುವಿಗೆ ಹಣೆ ಒಡೆದದ್ದು ಬಿಟ್ಟರೆ ಏನೂ ಆಗಲಿಲ್ಲ. ಓಮ್ನಿಗೆ ಮೂತಿ ಎಂಬುದೇ ಇಲ್ಲವಲ್ಲ, ಮುಂದೆ ಕೂತವರ ಕಾಲು ತಗಡಿಗೆ ತಾಗಿಕೊಂಡೇ ಇರುತ್ತದೆ. ಎಡಬದಿಯಲ್ಲಿ ಕೂತಿದ್ದ ಬೆಳ್ಳಿಯ ಕಾಲು ನಜ್ಜುಗುಜ್ಜಾಯಿತು. ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ತೆಗೆದರು.

ಒಡೆದ ಓಮ್ನಿಯನ್ನು ಎಳೆದು ತಂದು ನಮ್ಮ ಅಂಗಡಿಯ ಪಕ್ಕದ ಗ್ಯಾರೇಜಿನಲ್ಲೇ ನಿಲ್ಲಿಸಿದರು. ಊರಿನವರೆಲ್ಲ ನೋಡಿ ಹೋದ ಮೇಲೆ ನಾನು ಹೋದೆ. ಗಾಜಿನ ಎಡಭಾಗ ಬಿರುಕು ಬಿಟ್ಟಿತ್ತು, ಬಲಭಾಗ ಇಡಿಯಾಗಿತ್ತು. ಅದರ ಮೇಲೆ ಬೆಳ್ಳಗೆ ದಪ್ಪಗೆ ಜಿಡ್ಡು. ಬೆರಳು ಹಾಕಿದರೆ ಬೆರಳಿಗೆ ಹತ್ತಿತು. ಈ ತುದಿಯಿಂದ ಆ ತುದಿಗೆ ಉದ್ದುದ್ದಕ್ಕೆ ಎಳೆದ ಗೆರೆಗಳು, ದೋಣಿಯ ಹಲಗೆಗೆ ಎಣ್ಣೆ ಎಳೆಯುವ ಕೈಯವು. ಚಂದು ನಕ್ಕದ್ದು ನನ್ನ ತಮಾಷೆ ಅರ್ಥವಾಗಿ ಅಲ್ಲ ಎಂದು ಆಗ ತಿಳಿಯಿತು.

ಆಮೇಲೆ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಅಂಗಡಿಗೆ ಹೋಗಿ ಸ್ಪಿರಿಟ್ಟೂ ಬಟ್ಟೆಯೂ ತಂದು ಆ ಗಾಜನ್ನು ಒರೆಸಿದೆ. ಪ್ರೇಮಾನಂದ ಗಾಜು ಒರೆಸುತ್ತಿದ್ದರೆ ಯಾರು ತಿರುಗಿ ನೋಡುತ್ತಾರೆ? ಅದು ನನ್ನ ದಿನನಿತ್ಯದ ಕೆಲಸ. ಮರುದಿನ ಇನ್ಸ್‌ಪೆಕ್ಟರು ಬಂದು ನೋಡಿದರು. ಬ್ರೇಕು ಸರಿಯಿತ್ತು, ಸ್ಟಿಯರಿಂಗು ಸರಿಯಿತ್ತು, ಡ್ರೈವರನ ಎದುರಿನ ಗಾಜು ಶುಭ್ರವಾಗಿತ್ತು. ಹಾಗಾದರೆ ತಪ್ಪು ಡ್ರೈವರನದೇ ಎಂದಾಯಿತು. ಬೆಳಗಾಗುವ ಮೊದಲೇ ಕುಡಿದಿದ್ದನಂತೆ ಎಂದು ಯಾರೋ ಹೇಳಿದರು, ಮಿಕ್ಕವರು ಹೌದೆಂದರು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ಆಸ್ಪತ್ರೆಗೆ ಹಣ್ಣು ಕಳಿಸಿದೆ, ನಾನು ಹೋಗಲಿಲ್ಲ. ಚಂದುವಿನ ಕೈಗೆ ಮತ್ತೆ ಯಾರೂ ಗಾಡಿ ಕೊಡಲಿಲ್ಲ. ಅವನು ಕೋಡಿಯಲ್ಲಿ ಬಲೆ ಹೊಲಿಯುತ್ತಾನೆ ಎಂದು ಕೇಳಿದೆ. ನಮ್ಮ ಮನೆಗೆ ಬೇರೊಬ್ಬಳು ಮೀನು ತರತೊಡಗಿದಳು. ಅಂಗಡಿಯಲ್ಲಿ ನನ್ನ ತಮಾಷೆ ನಿಂತುಹೋಯಿತು. ವಯಸ್ಸಾಯಿತು ಇವರಿಗೆ ಎಂದು ಗಿರಾಕಿಗಳು ಅಂದುಕೊಂಡರು. ಕುಂದಾಪುರಕ್ಕೆ ಹೋದರೂ ಕೋಡಿಯ ರಸ್ತೆಗೆ ನಾನು ತಿರುಗಲಿಲ್ಲ. ಹೀಗೆ ನಾಲ್ಕು ವರ್ಷ ಕಳೆಯಿತು.

ಎರಡು ಸಾವಿರದ ಹನ್ನೆರಡರ ಮಳೆಗಾಲದ ಒಂದು ಭಾನುವಾರ. ಹೊಸದಾಗಿ ಕಾರು ಕಲಿತ ಸೌಜನ್ಯ ಅಂಗಳದಲ್ಲಿ ಬಾಟಲಿ ಹಿಡಿದು ನಿಂತಿದ್ದಳು.

"ಅಪ್ಪಾ, ಇದ್ ಎಷ್ಟ್ ಸಲ ಹಚ್ಕ್?"

"ಒಂದೇ ಸಲ!" ಎಂದು ಬೊಬ್ಬೆ ಹೊಡೆದೆ. ಅವಳು ಬೆಚ್ಚಿಬಿದ್ದಳು. ಬಟ್ಟೆ ಕಿತ್ತುಕೊಂಡು ನಾನೇ ಸವರಿದೆ, ನಾನೇ ಒರೆಸಿದೆ. ಒಳಗೆ ಕೂತು ನೋಡಿ, ಹೊರಗೆ ಬಂದು ಮತ್ತೆ ಒರೆಸಿದೆ. ಜಗಲಿಯಲ್ಲಿ ಹರಿವೆ ಸೊಪ್ಪು ಬಿಡಿಸುತ್ತಿದ್ದ ಸ್ನೇಹಲತಾ ಎಲ್ಲವನ್ನೂ ನೋಡುತ್ತಿದ್ದಳು.

"ಮಗಳಿಗ್ ಒಂದ್," ಎಂದಳು ಅವಳು. "ಚಂದುಗೆ ಮೂರ್."

ಅಷ್ಟೇ ಹೇಳಿ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ನಾಲ್ಕು ವರ್ಷ ಅವಳಿಗೆ ಗೊತ್ತಿತ್ತು. ನಾಲ್ಕು ವರ್ಷ ನನ್ನ ಬಾಯಿಂದಲೇ ಬರಲಿ ಎಂದು ಕಾದಿದ್ದಳು. ಮಧ್ಯಾಹ್ನದ ಊಟ ನನಗೆ ಸೇರಲಿಲ್ಲ. ಕೈ ತೊಳೆದು ಎದ್ದು, ಕೋಡಿಗೆ ಹೊರಟೆ.

ಚಂದುವಿನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಜಗಲಿಯ ಕಂಬಕ್ಕೆ ಬಲೆಯ ಒಂದು ತುದಿ ಕಟ್ಟಿಕೊಂಡು ಹೊಲಿಯುತ್ತಾ ಕೂತಿದ್ದ. ಗಡ್ಡ ಬೆಳ್ಳಗಾಗಿತ್ತು. ನನ್ನನ್ನು ಕಂಡವನೇ ಎದ್ದು ನಿಂತ. ಬೈಯುತ್ತಾನೆ ಎಂದುಕೊಂಡೆ, ಬೈದರೆ ಚೆನ್ನಾಗಿತ್ತು. ಅವನು ಸ್ಟೂಲು ಎಳೆದು, ಪಂಚೆಯ ತುದಿಯಿಂದ ಒರೆಸಿ ಕೊಟ್ಟ.

"ಕೂಕಣಿ ಪ್ರೇಮಣ್ಣ. ನಿಮ್ ಮುಖ ಕಾಂಬುಕೇ ನಂಗ್ ನಾಚ್ಕಿ ಆತ್ತ್. ಅದ್ಕೇ ಇಷ್ಟ್ ವರ್ಷ ನಿಮ್ ಅಂಗ್ಡಿ ಬದಿಗ್ ಬರ್ಲಿಲ್ಲೆ."

"ನಿಂಗೆಂತಕ್ ನಾಚ್ಕಿ?"

ಅವನು ಮತ್ತೆ ಬಲೆಯ ಎದುರು ಕೂತು, ನೆಲ ನೋಡುತ್ತಾ ಹೇಳಿದ: "ನೀವ್ ಸಮಾ ಹೇಳಿ ಕೊಟ್ಟಿರಿ. ಮೂರ್ ಕೈ ಹೊಡಿಕ್ ಅಂದ್ರಿ. ನಾನ್ ಎರ್ಡೇ ಕೈ ಹೊಡ್ದದ್ದ್. ಬಂದ್ ಬೀಳುಕ್ ನಾಲ್ಕ್ ದಿನ ಇತ್ತ್, ಮೂರ್ನೇ ಕೈಗ್ ಪುರ್ಸೊತ್ತ್ ಆಯ್ಲಿಲ್ಲ. ಗಾಜ್ ಬೆಳ್ಳಗಾದ್ದ್ ನಂಗ್ ಕಂಡಿತ್ತ್. ಮೂರ್ನೇದ್ ಹೊಡ್ದ್ರೆ ಸಮ ಆತ್ತ್, ನಾಳಿಗ್ ಹೊಡುವ ಅಂದ್ಕಂಡೆ. ಆ ಒಂದ್ ಕೈ ಸೋಮಾರಿತನಕ್ ಅಬ್ಬಿ ಕಾಲ್ ಹೋಯ್ತ್."

ಅಬ್ಬಿ ಎಂದರೆ ತಾಯಿ. ಹೇಳುತ್ತಾ ಅವನು ಬಲೆಯ ಗಂಟೊಂದನ್ನು ಬಿಗಿದ.

"ಕುಡ್ದಿದ್ದ ಅಂತ್ರ್ ಜನ. ನಾನ್ ಕುಡಿಲಿಲ್ಲೆ, ಆದ್ರೂ ಇಲ್ಲೆ ಅಂತಿಲ್ಲ. ಎಂತಾದ್ರೂ ತಪ್ಪ್ ನಂದೇ ಅಲ್ದಾ?"

ಒಂದು ಕ್ಷಣ, ದೇವರಾಣೆಗೂ ಒಂದೇ ಕ್ಷಣ, ನನ್ನ ಎದೆ ಹಗುರವಾಯಿತು. ಅವನ ಬೆನ್ನು ತಟ್ಟಿ, ಆದದ್ದು ಆಯಿತು ಬಿಡು ಎಂದು ಹೇಳಿ ಎದ್ದು ಬರಬಹುದಿತ್ತು. ಅವನು ಚಹಾ ಕೊಟ್ಟು ಕಳಿಸುತ್ತಿದ್ದ. ನನ್ನ ತಮಾಷೆಗಿಂತ, ಗಾಜು ಒರೆಸಿದ್ದಕ್ಕಿಂತ, ಆ ಒಂದು ಕ್ಷಣವನ್ನು ನೆನೆದರೆ ನನಗೆ ಇವತ್ತಿಗೂ ನನ್ನ ಮೇಲೆ ಅಸಹ್ಯ ಹುಟ್ಟುತ್ತದೆ.

"ಚಂದು, ಅದ್ ಒಂದೇ ಕೈ," ಎಂದೆ. "ಒಂದೇ ಸಲ ಹಚ್ಚಿ, ಪೂರ್ತಿ ಒರ್ಸಿ ತೆಗಿಕ್. ಮೂರ್ ಅಂದದ್ದ್ ತಮಾಷಿಗ್. ನೀನ್ ಮೂರ್ನೇದೂ ಹೊಡ್ದಿದ್ರೆ ಬಂದರಿಂದ ಹೊರಗೇ ಹೋಪುಕ್ ಆತಿರ್ಲಿಲ್ಲ. ಆಕ್ಸಿಡೆಂಟ್ ಆದ್ ಮೇಲೆ ಗಾಜಿನ್ ಜಿಡ್ಡ್ ಒರ್ಸಿ ತೆಗ್ದದ್ದೂ ನಾನೇ. ಯಾರಿಗೂ ಗೊತ್ತಾಪುಕಾಗ ಅಂದ್ಹೇಳಿ."

ಬಲೆ ಹೊಲಿಯುವ ಸೂಜಿ ಅವನ ಕೈಯಲ್ಲೇ ನಿಂತಿತು.

"ತಮಾಷಿಗಾ?"

"ಹೌದ್."

"ಎಲ್ಲರೂ ನೆಗಾಡ್ರ್. ನಾನೂ ನೆಗಾಡ್ದೆ," ಎಂದ ಅವನು. "ಅಪ್ಪ ಎಣ್ಣಿ ಹೊಡು ಕ್ರಮ ನಿಮ್ಮಂಥೋರಿಗೂ ಗೊತ್ತಿತ್ತಲ್ದಾ ಅಂದ್ಹೇಳಿ ನಂಗ್ ಖುಷಿ ಆಯ್ತ್. ಮನಿಗ್ ಬಂದ್ ಅಬ್ಬಿಗೂ ಹೇಳಿದ್ದೆ."

ಅವನು ಕೈ ಎತ್ತಿದ್ದರೆ ನಾನು ತಡೆಯುತ್ತಿರಲಿಲ್ಲ. ಅವನು ಕೈ ಎತ್ತಲಿಲ್ಲ. ಬಾಗಿಲ ಕಡೆ ತಿರುಗಿ ಕೂಗಿದ: "ಅಬ್ಬೀ, ಒಂಚೂರ್ ಇಲ್ ಬಾ!"

"ಅವ್ಳನ್ ಕರಿಬೇಡ ಮಾರಾಯ. ನೀನೇ ಆಮೇಲ್ ಹೇಳ್," ಎಂದೆ.

"ಇಲ್ಲೆ. ನಾಲ್ಕ್ ವರ್ಷ ನಾನ್ ಅವ್ಳ್ ಎದ್ರ್ ಕೂತ್ ತಪ್ಪ್ ನಂದ್, ತಪ್ಪ್ ನಂದ್ ಅಂದ್ ಹೇಳಿದ್ದೆ. ಅವ್ಳೂ ನಂಬಿದ್ಲ್. ಇದ್ನ ನೀವೇ ಹೇಳ್ಕ್."

ಒಳಗಿನಿಂದ ಕೋಲು ಊರುವ ಸದ್ದು ನಿಧಾನವಾಗಿ ಹತ್ತಿರ ಬಂತು. ಬೆಳ್ಳಿ ಬಾಗಿಲ ದಾರಂದ ಹಿಡಿದು ನಿಂತು, ಕಣ್ಣು ಕಿರಿದು ಮಾಡಿ ನೋಡಿದಳು. ಗುರುತು ಸಿಕ್ಕಿದ ಕೂಡಲೇ ಮುಖ ಅರಳಿತು.

"ಅಯ್ಯೋ ಒಡೇರ್ ಬಂದದ್ದಾ! ಸ್ನೇಹಲತಮ್ಮ ಹ್ಯಾಂಗಿದ್ರ್? ಆಸ್ಪತ್ರಿಗ್ ಹಣ್ಣ್ ಕಳ್ಸಿದ್ರಿ ನೀವ್, ನಾನ್ ಮರಿಲಿಲ್ಲೆ. ಚಂದು, ಚಾ ಕೊಟ್ಯಾ ಇವ್ರಿಗೆ?"

ನಾನು ಎದ್ದು ನನ್ನ ಸ್ಟೂಲನ್ನು ಅವಳ ಕಡೆ ತಳ್ಳಿದೆ. ಚಂದು ಅವಳ ತೋಳು ಹಿಡಿದು ಕೂರಿಸಿ, ಪಕ್ಕದಲ್ಲಿ ನಿಂತು ನನ್ನನ್ನೇ ನೋಡಿದ.

"ಬೆಳ್ಳಿ, ನಿನ್ ಮಗಂದ್ ಎಂತ ತಪ್ಪೂ ಇಲ್ಲೆ," ಎಂದೆ.

ಅವಳು ಇನ್ನೂ ನಗುತ್ತಲೇ ಇದ್ದಳು. ಉಳಿದದ್ದನ್ನು ನಾನು ಆ ನಗುವಿನ ಎದುರೇ ಹೇಳಬೇಕಾಯಿತು.