ಬಂಟನ ತಟ್ಟೆಯಲ್ಲಿ ಮಾದನ ಪಾಲು

ಸಾಕಿದ ನಾಯಿ ಬಡವಾದರೆ ನಮ್ಮ ಊರುಗಳಲ್ಲಿ ಎಲ್ಲರ ಬಾಯಿಂದ ಬರುವ ಮದ್ದು ಒಂದೇ: "ಇನ್ನೊಂದ್ ಮುದ್ದೆ ಆಕು." ಒಲೆಗೆ ಸೌದೆ ಎಷ್ಟು ಒಟ್ಟಿದರೇನು, ಒಳಗೆ ಕೆಂಡವಿಲ್ಲದಿದ್ದರೆ ಹೊಗೆಯೇ ಹೊರತು ಅಡುಗೆಯಾಗದು ಎಂಬುದನ್ನು ನಾವೆಲ್ಲ ಬಲ್ಲೆವು. ಆದರೆ ಹೊಟ್ಟೆಯೂ ಭಗವಂತನು ಹೂಡಿದ ಒಲೆ ಎಂಬುದನ್ನು ಮರೆಯುತ್ತೇವೆ. ಹೊನ್ನೂರಿನಲ್ಲಿ ರಾಣಿ ಎಂಬ ಹೆಣ್ಣುಮಗಳ ಮನೆಯಲ್ಲಿ ನಡೆದದ್ದೂ ಅದೇ.

ನಾಯಿಯ ಹೆಸರು ಬಂಟ. ಅದು ಅಂಗೈಯಗಲದ ಮರಿಯಾಗಿದ್ದಾಗ ರಾಣಿಯ ಗಂಡ ಮಾದಸ್ವಾಮಿ ಕೊಳ್ಳೇಗಾಲದಿಂದ ಟವೆಲಿನಲ್ಲಿ ಸುತ್ತಿ ತಂದಿದ್ದ. ಹೊನ್ನೂರಿಗೂ ಯಳಂದೂರಿಗೂ ಆಟೋ ಓಡಿಸುತ್ತಿದ್ದ ಅವನ ಪಕ್ಕದಲ್ಲಿ ಬಂಟ ಕಿವಿ ನಿಮಿರಿಸಿ ಕೂತಿದ್ದರೆ, "ಯಾನ್ಲಾ ಮಾದ, ನಿನ್ ಕಂಡಕ್ಟರು ಟಿಕೆಟ್ ಅರಿದು ಕೊಡನಾ?" ಎಂದು ಜನ ನಗುತ್ತಿದ್ದರು. ಹೋದ ಬೇಸಿಗೆಯಲ್ಲಿ ಮಾದಸ್ವಾಮಿ ಎದೆನೋವೆಂದು ಆಟೋದಲ್ಲೇ ಒರಗಿದ. ಆಸ್ಪತ್ರೆಯ ಬಾಗಿಲು ಕಾಣುವ ಮೊದಲೇ ಉಸಿರು ನಿಂತಿತು. ಅಂದಿನಿಂದ ಆಟೋ ಮನೆಯ ಮುಂದಿನ ಹುಣಸೆಮರದ ಕೆಳಗೆ ನಿಂತಿತ್ತು. ಬಂಟ ಅದರ ಮುಂದಿನ ಸೀಟನ್ನು ಬಿಟ್ಟು ಬೇರೆಡೆ ಮಲಗಲಿಲ್ಲ.

ಮಳೆಗಾಲ ಹಿಡಿಯುವ ಹೊತ್ತಿಗೆ ಬಂಟನ ಪಕ್ಕೆಲುಬುಗಳು ಒಂದೊಂದಾಗಿ ಎದ್ದು ಕಂಡವು. ನೋಡಿದವರೆಲ್ಲ ಒಂದೇ ಮಾತು ಹೇಳಿದರು: ಯಜಮಾನನ ಕೊರಗು. ರಾಣಿಯೂ ಹಾಗೆಯೇ ತಿಳಿದಳು. ತನ್ನ ಎದೆಯಲ್ಲಿದ್ದುದನ್ನೇ ಅವಳು ಆ ಮೂಕಪ್ರಾಣಿಯ ಬೆನ್ನ ಮೇಲೆ ಓದಿಕೊಂಡಳು.

ಅವಳ ಅತ್ತೆ ಶಿವಮ್ಮನದು ಇನ್ನೊಂದು ಲೆಕ್ಕಾಚಾರ. ಇದ್ದೊಬ್ಬ ಮಗನನ್ನು ಮಣ್ಣಿಗೆ ಕೊಟ್ಟ ಮುದುಕಿ, ಅಡುಗೆ ಇಳಿಸಿದೊಡನೆ ಮೊದಲ ಪಾಲನ್ನು ಬೇರೆ ತೆಗೆದಿಡುತ್ತಿದ್ದಳು. ಆ ಪಾಲಿಗೆ ಮನೆಯಲ್ಲಿ "ಮಾದನ ಪಾಲು" ಎಂದೇ ಹೆಸರಾಯಿತು. ಹಬೆಯಾಡುವ ರಾಗಿಮುದ್ದೆ, ಅದರ ಮೇಲೆ ತುಪ್ಪ. ಬಾಡು ಮಾಡಿದ ದಿನ ಕೊಬ್ಬಿನ ತುಂಡುಗಳು, ಮಗನಿಗೆ ಪ್ರಾಣವಾಗಿದ್ದ ಕುರಿಕರುಳಿನ ಬೋಟಿ ಗೊಜ್ಜು. ಅದನ್ನೆಲ್ಲ ಬಂಟನ ನಗ್ಗಿದ ತಟ್ಟೆಗೆ ಸುರಿದು ಎದುರಿಗೆ ಕುಕ್ಕರುಗಾಲಲ್ಲಿ ಕೂರುವಳು.

"ಇವ್ನು ಉಂಡ್ರೆ ನನ್ ಮಗ ಉಂಡಂಗೆ ಕಣವ್ವ," ಎನ್ನುವಳು. "ನೋಡು, ಎಂಗ್ ತಿಂತನ! ಮಾದನೂ ಇಂಗೇ ಗಬಗಬ ತಿಂತಿದ್ದ."

ತಟ್ಟೆ ಕ್ಷಣದಲ್ಲಿ ಬರಿದಾಗುತ್ತಿತ್ತು. ಆದರೂ ಬಂಟನ ಹಸಿವು ತೀರುತ್ತಿರಲಿಲ್ಲ. ಅದು ತಿಪ್ಪೆ ಕೆದಕಿತು, ಸಗಣಿಗೆ ಬಾಯಿ ಹಾಕಿತು, ಕೊನೆಗೆ ತಾನೇ ಹಾಕಿದ ಹೊಲಸಿಗೂ ಬಾಯಿಟ್ಟಿತು. ಹಿತ್ತಿಲಲ್ಲಿ ಅದು ಕೂತೆದ್ದ ಕಡೆಯೆಲ್ಲ ಬಿಳಿಚಿಕೊಂಡ, ಎಣ್ಣೆ ಜಿಡ್ಡಿನ, ಮೂಗು ಮುಚ್ಚಿಸುವ ರಾಶಿ. ಹೊಟ್ಟೆಯ ಗುಡುಗುಡು ಸದ್ದು ಜಗಲಿಯವರೆಗೂ ಕೇಳಿಸುತ್ತಿತ್ತು.

ಪಕ್ಕದ ಮನೆಯ ಚಿಕ್ಕಮಾದಪ್ಪ ಮಾದಸ್ವಾಮಿಯ ಜೊತೆಯಲ್ಲೇ ಆಟೋ ಓಡಿಸುತ್ತಿದ್ದವನು, ಬಾಯಿ ಖಾರ. "ಏ ಶಿವಕ್ಕ, ನಿನ್ ನಾಯಿ ತಿನ್ನದು ಒಂದ್ ಆಳಿನ ಕೂಳು, ಆಕದು ಎರಡು ಎತ್ತಿನ ಸಗಣಿ! ಗೊಬ್ರದ್ ಅಂಗ್ಡಿ ಇಡು, ಗದ್ದೆಯೋರ್ ಬತ್ತರ," ಎಂದು ಬೇಲಿಯಾಚೆಯಿಂದ ಕೂಗಿದ.

"ನಿನ್ ನಾಲ್ಗೆ ಸೇದೋಗ," ಎಂದಳು ಶಿವಮ್ಮ. ರಾಣಿ ಬೂದಿ ತಂದು ಆ ಹೊಲಸಿನ ಮೇಲೆ ಚೆಲ್ಲಿದಳು.

ಶ್ರಾವಣದ ಒಂದು ಬೆಳಿಗ್ಗೆ ಪುಷ್ಪ ಬಂದಳು. ಊರಿನ ಮಹಿಳಾ ಸಂಘದಿಂದ ತರಬೇತಿ ಪಡೆದು ಪಶುಸಖಿಯಾಗಿದ್ದವಳು. ಕೋಳಿಗಳಿಗೆ ಲಸಿಕೆ ಹಾಕಲೆಂದು ಮನೆಮನೆ ಸುತ್ತುತ್ತಿದ್ದಳು. ಆಟೋದ ಸೀಟಿನಲ್ಲಿ ಚರ್ಮ ಹೊದ್ದ ಎಲುಬಿನಂತೆ ಬಿದ್ದಿದ್ದ ಬಂಟನನ್ನು ಕಂಡು ನಿಂತಳು.

"ಯಾನಕ್ಕ ಇದು, ಇಂಗಾಗದ?"

"ಕೊರಗು ಕಣ್ ಪುಷ್ಪ. ಅವ್ರು ತೀರ್ಕಂಡಾಗ್ಲಿಂದ ಇಂಗೇ."

"ಅನ್ನ ಮುಟ್ತದ?"

"ಮುಟ್ಟದೇನು, ತಟ್ಟೆನೇ ನುಂಗ್ತದ."

ಪುಷ್ಪ ಹಿತ್ತಿಲಿಗೆ ಹೋಗಿ ಬೂದಿಯನ್ನು ಕಡ್ಡಿಯಿಂದ ಸರಿಸಿ ನೋಡಿದಳು. ಹಿಂದಿರುಗಿ ಬಂದವಳ ದನಿ ಮೆತ್ತಗಿತ್ತು.

"ಅಕ್ಕ, ಕೊರಗೋ ನಾಯಿ ಅನ್ನ ಬುಡ್ತದ. ಇದು ಅನ್ನ ಬುಟ್ಟಿಲ್ಲ. ಅನ್ನವೇ ಇದನ್ನ ಬುಟ್ಟದ. ಕೊಳ್ಳೇಗಾಲದ ಡಾಕ್ಟರ್ಗೆ ತೋರ್ಸವ." ಆಮೇಲೆ ರಾಣಿಯ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದುದನ್ನು ನೋಡಿ ಕೇಳಿದಳು: "ಅನ್ನ ಬುಟ್ಟಿರೋಳು ನೀನಲ್ವಾ?"

ರಾಣಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಗಂಡ ಸತ್ತ ಮೇಲೆ ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ.

ಆಸ್ಪತ್ರೆಗೆ ಒಯ್ಯಲು ಚಿಕ್ಕಮಾದಪ್ಪ ತನ್ನ ಆಟೋ ತಂದ. ಬಂಟ ಹತ್ತಲೊಲ್ಲದು. ಎತ್ತಿ ಕೂರಿಸಿದರೆ ಧುಮುಕಿ ಹುಣಸೆಮರದಡಿಯ ಆಟೋದ ಸೀಟಿಗೇ ಓಡಿತು. ಚಿಕ್ಕಮಾದಪ್ಪ ತನ್ನ ಆಟೋದ ಬ್ಯಾಟರಿ ಕಳಚಿ ಮಾದಸ್ವಾಮಿಯ ಆಟೋಗೆ ಹಾಕಿದ. ಎಷ್ಟೋ ತಿಂಗಳ ಮೇಲೆ ಆ ಎಂಜಿನ್ನಿನ ಸದ್ದು ಎದ್ದೊಡನೆ ಬಂಟನ ಬಾಲ ಸೀಟಿಗೆ ಪಟಪಟನೆ ಬಡಿಯಿತು. ಅದು ತಲೆಯೆತ್ತಿ ಚಾಲಕನ ಮುಖ ನೋಡಿತು. ಮೂಸಿತು. ಮೆಲ್ಲಗೆ ತಲೆಯನ್ನು ಮುಂಗಾಲುಗಳ ಮೇಲೆ ಇಳಿಸಿತು.

ಕೊಳ್ಳೇಗಾಲ ತಲುಪುವವರೆಗೂ ಚಿಕ್ಕಮಾದಪ್ಪನ ಬಾಯಿಂದ ಒಂದು ಗೇಲಿಯೂ ಬರಲಿಲ್ಲ.

ಮೂರ್ತಿ ಡಾಕ್ಟರು ಜಂತುಹುಳವಿದೆಯೇ, ಸಕ್ಕರೆ ಕಾಯಿಲೆಯಿದೆಯೇ ಎಂದು ಮೊದಲು ಪರೀಕ್ಷಿಸಿದರು. ಅವೆರಡೂ ಅಲ್ಲವೆಂದಾದ ಮೇಲೆ ಇನ್ನೊಂದು ದಿನ ಖಾಲಿ ಹೊಟ್ಟೆಯಲ್ಲಿ ಕರೆತರಿಸಿ, ರಕ್ತ ತೆಗೆದು ಹೊರಗಿನ ಲ್ಯಾಬಿಗೆ ಕಳಿಸಿದರು. ವರದಿ ಬಂದಾಗ ರಾಣಿಯನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು:

"ನೋಡಮ್ಮ, ಜಠರದ ಪಕ್ಕದಲ್ಲಿ ಮೇದೋಜೀರಕ ಅಂತ ಒಂದು ಗ್ರಂಥಿ ಇದೆ. ತಿಂದ ಅನ್ನ, ಮಾಂಸ, ಕೊಬ್ಬು ಎಲ್ಲವನ್ನೂ ಅರಗಿಸೋ ರಸ ಬರೋದು ಅಲ್ಲಿಂದ. ಬಂಟನಿಗೆ ಆ ರಸ ಬತ್ತಿಹೋಗಿದೆ. ಅದಕ್ಕೇ ಎಷ್ಟು ತಿಂದರೂ ಮೈಗೆ ಹತ್ತುತ್ತಿಲ್ಲ. ಹೊಟ್ಟೆ ತುಂಬಿದ್ದರೂ ಅದು ಉಪವಾಸ ಇದೆ."

"ವಾಸಿ ಆಯ್ತದಾ ಸಾ?"

"ಪೂರ್ತಿ ವಾಸಿ ಆಗಲ್ಲ. ಆದರೆ ಬದುಕುತ್ತೆ. ಬದುಕಿರೋವರೆಗೂ ನೀವು ಪಥ್ಯ ನಡೆಸಬೇಕು."

ಆ ರಸವನ್ನೇ ಪುಡಿಯ ರೂಪದಲ್ಲಿ ಅವರು ಕೊಟ್ಟರು. ಪ್ರತಿ ಊಟಕ್ಕೂ, ಹೇಳಿದ ಅಳತೆಯಲ್ಲಿ, ತಪ್ಪದೆ ಕಲಸಬೇಕು. ಅನ್ನ ಪೂರ್ತಿ ಆರಿರಬೇಕು. ಬಿಸಿಗೆ ಪುಡಿಯ ಸತ್ವ ಸಾಯುತ್ತದೆ. ಮೆತ್ತಗೆ ಬೇಯಿಸಿದ ಅನ್ನ; ಜೊತೆಗೆ ಚರ್ಮ, ಕೊಬ್ಬು, ಮೂಳೆ ತೆಗೆದು ಬೇಯಿಸಿದ ಕೋಳಿಮಾಂಸ. ಉಪ್ಪು, ಖಾರ, ಒಗ್ಗರಣೆ ಇಲ್ಲ. ಒಂದೇ ಸಲ ಸುರಿಯದೆ ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪಸ್ವಲ್ಪ. ನಾರು ಹೆಚ್ಚಿರುವ ರಾಗಿಮುದ್ದೆ ಬೇಡ. ತುಪ್ಪ, ಕೊಬ್ಬು, ಬೋಟಿ, ಕರಿದದ್ದು ಬೇಡವೇ ಬೇಡ. ಉಂಡ ಮೇಲೆ ಬಾಯಲ್ಲಿ ಪುಡಿ ಉಳಿದು ಹುಣ್ಣಾಗದಂತೆ ನೀರು ಕುಡಿಸಬೇಕು. ಮೈಯಲ್ಲಿ ಕಡಿಮೆಯಾದ ವಿಟಮಿನ್ನಿಗೆ ಆಗಾಗ ಇಂಜೆಕ್ಷನ್.

"ಇದು ಅಂಟುರೋಗ ಅಲ್ಲ," ಎಂದೂ ಹೇಳಿದರು. "ಆದರೆ ವಂಶದಲ್ಲಿ ಹರಿಯಬಹುದು. ಇದರಿಂದ ಮರಿ ಮಾಡಿಸಬೇಡಿ."

ರಾಣಿ ಹಾಗೆಯೇ ನಡೆಸಿದಳು. ವಾರಗಳು ಕಳೆದಂತೆ ಹಿತ್ತಿಲಿನ ನಾತ ಇಳಿಯಿತು. ಬೆನ್ನಿನ ಮೇಲೆ ಕೂದಲು ಮತ್ತೆ ಹೊಳೆಯಿತು. ಶಿವಮ್ಮನ ಮುಖ ಮಾತ್ರ ಮೋಡವಾಗಿಯೇ ಇತ್ತು.

"ಸಪ್ಪೆ ಅನ್ನಕ್ಕೆ ಪುಡಿ ಉದುರ್ಸಿ ಇಟ್ರೆ ನನ್ ಮಗ ಉಂಡನಾ? ಮಾದ ಒಂದಿನನಾರ ಸಪ್ಪೆ ಉಂಡಿದ್ನಾ?"

"ಅತ್ತೆ, ಡಾಕ್ಟ್ರು ಯೋಳವ್ರ."

"ಡಾಕ್ಟ್ರಿಗೇನು, ಅವರ್ ಮಗ ಮಣ್ಗ್ ಓದ್ನಾ?"

ರಾಣಿ ಪುಡಿಯ ಡಬ್ಬಿಯ ಮುಚ್ಚಳ ಬಿಗಿದು ಗೂಡಿನಲ್ಲಿಟ್ಟಳು.

ಮಹಾಲಯ ಅಮಾವಾಸ್ಯೆ ಬಂತು. ಮಾದಸ್ವಾಮಿ ಹಿರಿಯರ ಸಾಲಿಗೆ ಸೇರಿದ ಮೇಲಿನ ಮೊದಲ ಎಡೆ. ಶಿವಮ್ಮ ಹೊಸ ಪಂಚೆ, ಟವೆಲು ಮಡಿಸಿಟ್ಟು, ಬಾಳೆಲೆಯಲ್ಲಿ ಬಾಡು, ಬೋಟಿ, ವಡೆ, ಪಾಯಸ ಬಡಿಸಿ, ಧೂಪ ಹಾಕಿ, ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಂದೆ ಮಾಡಿದಳು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತೆರೆದು ಕಾಗೆಗೆ ಮಾಡಿನ ಮೇಲೆ ಒಂದು ತುತ್ತಿಟ್ಟಳು. ರಾಣಿ ನೆಂಟರಿಗೆ ಬಡಿಸುತ್ತಿದ್ದಾಗ, ಶಿವಮ್ಮ ಎಲೆಯಲ್ಲಿ ಉಳಿದುದನ್ನೆಲ್ಲ ಸೆರಗಿನ ಮರೆಯಲ್ಲಿ ಒಯ್ದು ಆಟೋದ ಸೀಟಿನ ಮೇಲೆ ಇಟ್ಟಳು.

"ತಿನ್ನು ಮಗ. ಇವತ್ತು ಒಂದಿನ."

ಸಂಜೆಗೆ ಬಂಟ ವಾಂತಿ ಮಾಡಿತು. ಮರುದಿನ ಬೆಳಿಗ್ಗೆ ಅದು ಹೊಲಸಿನಲ್ಲೇ ಮಲಗಿ ನೀರಿಗೂ ತಲೆಯೆತ್ತದೆ ಇತ್ತು. ಕಣ್ಣುಗಳು ಗುಳಿಬಿದ್ದಿದ್ದವು. ಚಿಕ್ಕಮಾದಪ್ಪ ಮತ್ತೆ ಮಾದಸ್ವಾಮಿಯ ಆಟೋ ಹೊರಡಿಸಿದ. ಈ ಸಲ ಎಂಜಿನ್ನಿನ ಸದ್ದಿಗೆ ಬಾಲ ಅಲುಗಲಿಲ್ಲ.

ಶಿವಮ್ಮನೂ ಜೊತೆಗೆ ಬಂದಿದ್ದಳು. ಮುಂಗಾಲಿಗೆ ಡ್ರಿಪ್ಪು ಚುಚ್ಚಿ ಬಂಟನನ್ನು ಮಲಗಿಸಿದ್ದ ಸಿಮೆಂಟು ಕಟ್ಟೆಯ ಬಳಿ ಕೂತಿದ್ದಳು. "ಉಳ್ದದೋ ಇಲ್ವೋ ಯೋಳಕ್ಕಾಗಲ್ಲ," ಎಂದು ಡಾಕ್ಟರು ಹೇಳಿದ್ದನ್ನು ಜೊತೆಗೆ ಬಂದಿದ್ದ ಪುಷ್ಪ ಮೆಲ್ಲಗೆ ತಿಳಿಸಿದಳು.

"ನನ್ ಮಗನ್ ಪಾಲು ಇವ್ನಿಗೆ ಕೊಡ್ದೆ ಯಾರ್ಗವ್ವ ಕೊಡ್ಲಿ?" ಎಂದು ಶಿವಮ್ಮ ಅತ್ತಳು.

ರಾಣಿಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಅವಳು ಅತ್ತೆಯ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದಳು.

"ಅತ್ತೆ, ನೀವ್ ಇಟ್ಟ ಪಾಲು ಅವ್ರಿಗೂ ಮುಟ್ನಿಲ್ಲ, ಇದಕ್ಕೂ ಮುಟ್ನಿಲ್ಲ. ಅಂಗಂಗೇ ಹಿತ್ಲಗ್ ಬಿತ್ತು. ಇಷ್ಟು ದಿನ ನಾನು ಬೂದಿ ಮುಚ್ತಿದ್ದುದು ಅದನ್ನೇ ಅತ್ತೆ. ನಿಮ್ ಮಗನ್ ಪಾಲನ್ನೇ."

ಶಿವಮ್ಮ ಸೊಸೆಯ ಮುಖವನ್ನೇ ನೋಡಿದಳು. ಬಾಗಿ ಬಂಟನ ಕಿವಿಯನ್ನು ಸವರಿದಳು; ಮಗನ ಜ್ವರದ ಹಣೆಯನ್ನು ಒಂದು ಕಾಲದಲ್ಲಿ ಹಾಗೆಯೇ ಸವರಿದ್ದಳು.

ದೇವರು ದೊಡ್ಡವನು, ಬಂಟ ಉಳಿಯಿತು. ಮನೆಗೆ ಬಂದ ದಿನ ಶಿವಮ್ಮ ತಾನೇ ಅನ್ನ ಬೇಯಿಸಿದಳು. ಕೋಳಿಯ ಚರ್ಮ ಸುಲಿದು, ಎಳೆ ಎಳೆಯಾಗಿ ಬಿಡಿಸಿ, ಒಂದು ಮೂಳೆಯೂ ಉಳಿಯದಂತೆ ಬೆರಳಿನಿಂದ ತಡಕಿ ನೋಡಿದಳು. ತಟ್ಟೆಯನ್ನು ಜಗಲಿಯಲ್ಲಿಟ್ಟು ಬೀಸಣಿಗೆಯಿಂದ ಬೀಸಿದಳು.

"ಆರದ್ಯಾ ನೋಡು ರಾಣಿ. ಬಿಸಿ ಇದ್ರೆ ಪುಡಿ ಸತ್ತೋಯ್ತದ."

"ಆರದ ಅತ್ತೆ."

ಪುಡಿ ಕಲಸಿ ಬಂಟನ ಮುಂದಿಟ್ಟಳು. "ಇದೇ ಕಣಪ್ಪ ಇನ್ಮೇಲೆ ಮಾದನ ಪಾಲು," ಎಂದಳು. ಬಳಿಕ ಒಳಗೆ ಹೋಗಿ ಇನ್ನೊಂದು ತಟ್ಟೆ ತಂದು ರಾಣಿಯ ಮುಂದಿಟ್ಟಳು. ಅದರಲ್ಲಿ ಮುದ್ದೆಯೂ ಸಾರೂ ಇದ್ದವು. "ನೀನೂ ಉಣ್ಣು ಮಗ. ನಾನ್ ನಾಯಿ ಮೂಳೆ ಎಣಿಸ್ಕಂಡ್ ಕೂತಿದ್ದೆ. ನಿನ್ ಮೂಳೆ ಕಾಣ್ನಿಲ್ಲ."

ರಾಣಿ ಉಂಡಳು. ಕಣ್ಣೀರು ಸಾರಿಗೆ ಬೀಳುತ್ತಿತ್ತು, ಆದರೂ ಉಂಡಳು.

ದೀಪಾವಳಿಯ ಹೊತ್ತಿಗೆ ಬಂಟನ ಪಕ್ಕೆಗಳು ತುಂಬಿಕೊಂಡವು. ಈಗ ಅದು ತಿಪ್ಪೆಗೆ ಹೋಗುವುದಿಲ್ಲ. ಆದರೆ ದಿನವೂ ಸಂಜೆ, ಮಾದಸ್ವಾಮಿ ಕೊನೆಯ ಬಾಡಿಗೆ ಮುಗಿಸಿ ಮರಳುತ್ತಿದ್ದ ಹೊತ್ತಿಗೆ, ಆಟೋದ ಸೀಟಿನಲ್ಲಿ ನೆಟ್ಟಗೆ ಕೂತು ಯಳಂದೂರಿನ ರಸ್ತೆಯನ್ನೇ ನೋಡುತ್ತದೆ.

"ಈಗ್ಲೂ ಕೊರಗ್ತದ ಕಣ್ ರಾಣಿ," ಎಂದಳು ಶಿವಮ್ಮ.

"ಊ ಅತ್ತೆ. ಈಗ ಕೊರಗಕ್ಕೆ ಮೈಯಲ್ಲಿ ತ್ರಾಣ ಬಂದದ."

ಇಬ್ಬರೂ ಜಗಲಿಯಲ್ಲಿ ಕೂತು ಅದು ನೋಡುತ್ತಿದ್ದ ರಸ್ತೆಯನ್ನೇ ನೋಡಿದರು.

ಇದನ್ನು ಓದುತ್ತಿರುವ, ಸಂಘದಲ್ಲಿ ಕೂತು ಕೇಳುತ್ತಿರುವ ತಾಯಂದಿರೇ, ಅಣ್ಣತಮ್ಮಂದಿರೇ, ನಿಮ್ಮ ಅಂಗಳದ ನಾಯಿಯನ್ನು ಇಂದು ಒಮ್ಮೆ ಬೆನ್ನು ಸವರಿ ನೋಡಿ. ಚೆನ್ನಾಗಿ ತಿನ್ನುತ್ತಲೇ ಸೊರಗುತ್ತಿದೆಯೇ? ಅದರ ಮಲ ಬಿಳಿಚಿ, ಜಿಡ್ಡಾಗಿ, ರಾಶಿಯಾಗಿ ಬೀಳುತ್ತಿದೆಯೇ? ಹೊಲಸಿಗೆ ಬಾಯಿ ಹಾಕುತ್ತಿದೆಯೇ? ಹಾಗಿದ್ದರೆ ದೃಷ್ಟಿಯೆಂದು ನಿವಾಳಿಸಬೇಡಿ, ಕೊರಗೆಂದು ಕೈಬಿಡಬೇಡಿ, ಹೊಟ್ಟೆಬಾಕವೆಂದು ಹೊಡೆದಟ್ಟಬೇಡಿ; ಪ್ರೀತಿಯ ಹೆಸರಿನಲ್ಲಿ ಕೊಬ್ಬನ್ನೂ ಸುರಿಯಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ರೋಗ ಇದೇ ಎಂದಾದರೆ ಪುಡಿಯನ್ನು ಒಂದು ಹೊತ್ತೂ ತಪ್ಪಿಸಬೇಡಿ, ಪಥ್ಯವನ್ನು ಹಬ್ಬದ ದಿನವೂ ಮುರಿಯಬೇಡಿ. ಹಬ್ಬದ ಮನೆಗೆ ಬರುವ ನೆಂಟರಿಗೂ ಮೊದಲೇ ಹೇಳಿಡಿ. ಅಗಲಿದವರ ಪಾಲನ್ನು ಕಾಗೆಗೆ ಇಡಿ. ಅವರು ಸಾಕಿ ಬಿಟ್ಟುಹೋದ ಜೀವಕ್ಕೆ, ಅದರ ಮೈಗೆ ಹತ್ತುವ ಅನ್ನವನ್ನು ಇಡಿ.