ಹುಡುಗಿಗೊಂದು ಮಾತು, ನಾಯಿಗೊಂದು ಕುಂಯ್

ನಮ್ಮತ್ತೆ ಚೀರಿ ಚೀರಿಯೇ ಮನೆ ಕಟ್ಟಿಸಿದವರು. ಇದು ಸೊಸೆಯ ದೂರು ಅಂತ ತಿಳಿಯಬೇಡಿ. ಅವರ ಕಸುಬೇ ಅದು. ಡಬ್ಬಿಂಗ್ ಸ್ಟುಡಿಯೋದಲ್ಲಿ ಅವರು ಗುಂಪಿನ ದನಿ. ಭೂಕಂಪವಾಗಲಿ, ಹಡಗು ಮುಳುಗಲಿ, ರಾಕ್ಷಸನೇ ಬರಲಿ, ಸಿನಿಮಾದಲ್ಲಿ ಜನ ದಿಕ್ಕಾಪಾಲಾಗಿ ಓಡುವಾಗ ಆ ಗದ್ದಲದೊಳಗೆ ಅತ್ತೆಯದೊಂದು ‘ಅಯ್ಯೋ’ ಇದ್ದೇ ಇರುತ್ತದೆ. ಸ್ಟುಡಿಯೋದವರು ಪ್ರೀತಿಯಿಂದ ಚೀರಮ್ಮ ಅನ್ನುತ್ತಾರೆ.

ನಾನು ಅದೇ ಸ್ಟುಡಿಯೋದಲ್ಲಿ ಮಾತು ಬರೆಯುವವಳು. ಪರಭಾಷೆಯ ನಟ ತುಟಿ ಮುಚ್ಚಿದ ಕಡೆ ನಮ್ಮ ಮಾತಿನಲ್ಲೂ ಪ, ಬ, ಮ ಬರಬೇಕು. ಬಾಯಿ ತೆರೆದಿರುವಾಗ ‘ಮ’ ಕೇಳಿಸಿದರೆ ನೋಡುವವರಿಗೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗಾಗುತ್ತದೆ. ಮನೆಯಲ್ಲಿ ಮಾತೆಲ್ಲ ಅತ್ತೆಯದು, ಸ್ಟುಡಿಯೋದಲ್ಲಿ ನನ್ನದು. ಹೀಗಾಗಿ ನಮ್ಮ ಸಂಸಾರ ಸರಿದೂಗಿಕೊಂಡು ಬಂದಿದೆ.

ಈ ಸಲ ಗಂಟಲಿನ ಡಾಕ್ಟರು ಅತ್ತೆಯ ಬಾಯೊಳಗೆ ಬೆಳಕು ಬಿಟ್ಟು ನೋಡಿ, “ಇನ್ನು ಚೀರಿದ್ರೆ ಇರೋ ದನಿನೂ ಹೋಗುತ್ತೆ” ಅಂದುಬಿಟ್ಟರು. ಒಪ್ಪಿಕೊಂಡಿದ್ದ ಒಂದು ಸಿನಿಮಾ ಮುಗಿಸಿ ಕೆಲಸ ಬಿಡುವುದು ಅಂತಾಯಿತು. ವಾಪಸ್ ಬರುವಾಗ ಅತ್ತೆ ಬಸ್ಸಿನ ಕಿಟಕಿಯಾಚೆ ನೋಡುತ್ತಲೇ ಅಂದರು: “ಇಷ್ಟು ವರ್ಷದಲ್ಲಿ ನಾನು ಒಂದು ಮಾತಾಡ್ಲಿಲ್ಲ ಕಣೇ. ಬರೀ ಅಯ್ಯೋ. ಬಿಡೋ ಮುಂಚೆ ಅರ್ಥ ಇರೋ ಒಂದೇ ಒಂದು ಮಾತು ಬರ್ದುಕೊಡೆ.” ಏನೋ ತಮಾಷೆ ಮಾಡಲು ಹೊರಟವಳು ಅವರ ಮುಖ ನೋಡಿ ತಲೆಯಾಡಿಸಿದೆ.

ಆ ಸಿನಿಮಾ ಅಂತಿಂಥದ್ದಲ್ಲ. ಗ್ರೀಕರ ಹಳೆಯ ಮಹಾಕಾವ್ಯದ ಕಥೆ. ಯುದ್ಧಕ್ಕೆ ಹೋದ ರಾಜ ಸಮುದ್ರದಲ್ಲಿ ದಾರಿ ತಪ್ಪಿ, ಎಷ್ಟೋ ವರ್ಷಗಳ ಮೇಲೆ ಭಿಕ್ಷುಕನ ವೇಷದಲ್ಲಿ ಮನೆಗೆ ಬರುತ್ತಾನೆ. ಅಲ್ಲಿ ಝಂಡಾ ಊರಿದ್ದ ದುಷ್ಟರನ್ನೆಲ್ಲ ಕೊಲ್ಲುತ್ತಾನೆ. ಆಮೇಲೆ, ದುಷ್ಟರ ಜೊತೆ ಸೇರಿದ್ದರು ಅಂತ ಮನೆಯ ದಾಸಿಯರನ್ನೂ ನೇಣಿಗೆ ಹಾಕಿಸುತ್ತಾನೆ. ದುಡ್ಡನ್ನು ನೀರಿನಂತೆ ಚೆಲ್ಲಿದ್ದರು. ಬಿಡುಗಡೆಗೆ ಮೊದಲೇ ಎಲ್ಲೆಲ್ಲೂ ಜಗಳ. ಶಿರಸ್ತ್ರಾಣ ಆ ಕಾಲದ್ದಲ್ಲ ಅಂತ ಕೆಲವರು, ಸಮುದ್ರದಲ್ಲಿ ಅಷ್ಟು ವರ್ಷ ನೆನೆದವನ ಹಲ್ಲು ಇಷ್ಟು ಬೆಳ್ಳಗೆ ಹೇಗೆ ಅಂತ ಕೆಲವರು, ರಾಣಿಯ ಪಾತ್ರಕ್ಕೆ ಆ ನಟಿ ಸಲ್ಲಳು ಅಂತ ಇನ್ನು ಕೆಲವರು.

ಎಲ್ಲಕ್ಕಿಂತ ದೊಡ್ಡ ರಂಪ ಆದದ್ದು ನಾಯಿಯ ವಿಷಯಕ್ಕೆ. ಒಡೆಯನಿಗಾಗಿ ಕಾದೂ ಕಾದೂ, ಅವನನ್ನು ಕಂಡ ಕೂಡಲೇ ಪ್ರಾಣ ಬಿಡುವ ಮುದಿ ನಾಯಿ ಅದು. ಸಿನಿಮಾವನ್ನು ಮುಂಚಿತವಾಗಿ ನೋಡಿದ ಪ್ರೇಕ್ಷಕರು ಅತ್ತು ಕರೆದು, ನಾಯಿ ಸಾಯಕೂಡದು ಅಂತ ಹಟ ಹಿಡಿದರು. ದಾಸಿಯರ ಬಗ್ಗೆ ಒಬ್ಬರೂ ಸೊಲ್ಲೆತ್ತಲಿಲ್ಲ. ಸಿನಿಮಾ ತೆಗೆದ ಕಂಪನಿ ಪ್ರೇಕ್ಷಕರಿಗೆ ತಲೆಬಾಗಿ, ನಾಯಿ ಬದುಕುವ ಹೊಸ ದೃಶ್ಯ ಮಾಡಿಸುತ್ತೇವೆ ಅಂತು.

ದಾಸಿಯರ ದೃಶ್ಯದ ರೆಕಾರ್ಡಿಂಗ್ ದಿನ ಬಂತು. ಪರದೆಯ ಮೇಲೆ ಹುಡುಗಿಯರ ಸಾಲು ರಾಜನ ಮುಂದೆ ಹಾದು ಅಂಗಳಕ್ಕೆ ಹೋಗುತ್ತದೆ. ನನ್ನ ಹಾಳೆಯಲ್ಲಿ ‘ಚೀರಾಟ’ ಅಂತ ಮಾತ್ರ ಇತ್ತು. ಅತ್ತೆ ಮೈಕಿನ ಮುಂದೆ ನಿಂತವರು ಚೀರಲೇ ಇಲ್ಲ.

“ನಿಲ್ಸಿ. ಆ ಮೂರನೇ ಹುಡುಗಿ ಏನೋ ಹೇಳ್ತಿದಾಳೆ.”

ಮತ್ತೆ ಹಾಕಿ ನೋಡಿದೆವು. ನಿಜ. ಆ ಹುಡುಗಿ ರಾಜನ ಕಡೆ ತಿರುಗುತ್ತಾಳೆ, ತುಟಿ ಒಮ್ಮೆ ಕೂಡುತ್ತದೆ, ಆಮೇಲೆ ಬಾಯಿ ಆಡುತ್ತದೆ. ಮೂಲದಲ್ಲಿ ಅಲ್ಲಿ ನಗಾರಿ ಬಿಟ್ಟರೆ ಬೇರೆ ಸದ್ದಿಲ್ಲ.

“ಅಲ್ಲಿ ಮಾತಿಲ್ಲ ಚೀರಮ್ಮ,” ಅಂದರು ಸ್ಟುಡಿಯೋ ಯಜಮಾನರು.

“ಮಾತಿಲ್ದೆ ಬಾಯಿ ಯಾಕ್ರೀ ಆಡುತ್ತೆ? ಅವಳೇನು ಮೇಕೆನಾ?”

ಅಷ್ಟಕ್ಕೆ ಬಿಡಲಿಲ್ಲ. ಈ ಮುಖ ಮೊದಲೇ ನೋಡಿದೀನಿ, ಹಿಂದಕ್ಕೆ ಹೋಗಿ ಅಂತ ಪಟ್ಟು ಹಿಡಿದರು. ರಾಜ ಭಿಕ್ಷುಕನಾಗಿ ಬಂದು ಬಾಗಿಲು ತಟ್ಟುವ ದೃಶ್ಯ ಸಿಕ್ಕಿತು. ಒಳಗಿನವರೆಲ್ಲ ಅವನನ್ನು ಗದರಿಸುತ್ತಾರೆ. ಒಬ್ಬ ಹುಡುಗಿ ಮಾತ್ರ ಬಂದು ಬಾಗಿಲು ತೆಗೆದು, ಅರ್ಧ ರೊಟ್ಟಿ ಅವನ ಕೈಗಿಟ್ಟು ಹೋಗುತ್ತಾಳೆ. ಅವಳೇ, ಅದೇ ಹರಿದ ತೋಳು. ಆ ದೃಶ್ಯಕ್ಕೆ ಮಾತು ಬರೆದವಳು ನಾನು. ರಾಜನ ತುಟಿಯನ್ನೇ ನೋಡುತ್ತ ಕೂತವಳಿಗೆ ಬಾಗಿಲು ತೆಗೆದವರು ಯಾರೆಂದು ನೋಡಬೇಕು ಅನ್ನಿಸಿರಲಿಲ್ಲ. ನನಗೆ ನಾಚಿಕೆಯಾಯಿತು.

“ಗುಂಪಿನವರು ಗುಂಪಿನವರನ್ನೇ ನೋಡೋದು ಕಣೇ,” ಅಂದರು ಅತ್ತೆ. “ಇವಳಿಗೆ ಮಾತು ಬರಿ.”

ಆಗ ಎದ್ದವರು ಮೇಷ್ಟ್ರು. ಗ್ರೀಕ್ ಕಾವ್ಯಕ್ಕೆ ಅಪಚಾರವಾಗದಂತೆ ನೋಡಿಕೊಳ್ಳಲು ಕಂಪನಿ ನೇಮಿಸಿದ್ದ ಪಂಡಿತರು; ಇರುವೆಗೂ ದಾರಿ ಬಿಡುವಂಥ ಮನುಷ್ಯ. “ಬೇಡಮ್ಮ. ಕಾವ್ಯದಲ್ಲಿ ಅವರಿಗೆ ಮಾತಿಲ್ಲ. ಆ ಮೌನವೇ ಕೇಳೋರನ್ನ ಚುಚ್ಚಬೇಕು.”

“ಚುಚ್ಚಿತಾ ಮೇಷ್ಟ್ರೇ? ಎಲ್ಲಾ ನಾಯಿಗೆ ಅತ್ತರಲ್ಲ.”

ಮೇಷ್ಟ್ರು ತಬ್ಬಿಬ್ಬಾದರು. “ಕಾವ್ಯಕ್ಕೆ ಸೇರಿಸೋದು ತಪ್ಪಮ್ಮ. ಆ ಕಾಲದ ಹಾಡುಗಾರರು ಕೇಳೋ ಜನಕ್ಕೆ ತಕ್ಕ ಹಾಗೆ ಒಂದೆರಡು ಸಾಲು ಸೇರಿಸ್ತಿದ್ದಿರಬಹುದು, ಆದ್ರೆ ಅದು ಬೇರೆ...”

“ಬೇರೆ ಹೇಗೆ?”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. “ಹೇಗೆ ಅಂತ ಯೋಚನೆ ಮಾಡ್ಬೇಕು,” ಅಂತ ಪ್ರಾಮಾಣಿಕವಾಗಿ ಹೇಳಿ ಕೂತರು.

ಯಜಮಾನರು ಮಾತ್ರ ಜಗ್ಗಲಿಲ್ಲ. ಇಲ್ಲದ ಮಾತು ಸೇರಿಸಿದರೆ ಕಂಪನಿ ತಮ್ಮ ಸ್ಟುಡಿಯೋಗೆ ಬೀಗ ಜಡಿಸುತ್ತದೆ ಅಂತ ಕೈ ಮುಗಿದರು. ಅವರ ಭಯ ಸುಳ್ಳಲ್ಲ; ನನಗೂ ಅದೇ ಭಯ. ಅತ್ತೆ ತಮ್ಮ ಬಿಸಿನೀರಿನ ಫ್ಲಾಸ್ಕ್ ಹಿಡಿದು ಮೂಲೆಯ ಕುರ್ಚಿಗೆ ಹೋದರು. ಅವರು ಸುಮ್ಮನೆ ಕೂತದ್ದನ್ನು ಆ ಕೋಣೆ ಅದುವರೆಗೆ ನೋಡಿರಲಿಲ್ಲ.

ಅಷ್ಟರಲ್ಲಿ ಕಂಪನಿಯಿಂದ ನಾಯಿಯ ಹೊಸ ದೃಶ್ಯ ಬಂತು. ನಾಯಿ ಸಾಯುವುದಿಲ್ಲ, ತಲೆ ಎತ್ತುತ್ತದೆ, ಒಡೆಯನ ಕಾಲಿಗೆ ಮೂತಿ ಒತ್ತಿ ಕುಂಯ್‌ಗುಟ್ಟುತ್ತದೆ. ಅವಸರದಲ್ಲಿ ಅದರ ದನಿ ಕಳಿಸುವುದನ್ನೇ ಮರೆತಿದ್ದರು. ನೀವೇ ಯಾರಿಂದಲಾದರೂ ಮಾಡಿಸಿ ಇವತ್ತೇ ಕಳಿಸಿ ಅಂತ ಅಪ್ಪಣೆ. ಯಜಮಾನರು ತಾವೇ ಮೈಕಿನ ಮುಂದೆ ನಿಂತು ಪ್ರಯತ್ನಿಸಿದರು. ಎಣ್ಣೆ ಕಾಣದ ಗೇಟು ತೆರೆದ ಹಾಗಿತ್ತು. ಮೇಷ್ಟ್ರೂ ಒಂದು ಕೈ ನೋಡಿದರು. ಅವರ ನಾಯಿಗೆ ನೆಗಡಿಯಾಗಿತ್ತು. ಕೊನೆಗೆ ಎಲ್ಲರ ಕಣ್ಣೂ ಮೂಲೆಯ ಕುರ್ಚಿಯತ್ತ ಹೋಯಿತು.

“ಮೊದ್ಲು ಹುಡುಗಿ,” ಅಂದರು ಅತ್ತೆ, “ಆಮೇಲೆ ನಾಯಿ.”

ಯಜಮಾನರು ತಲೆ ಮೇಲೆ ಕೈ ಹೊತ್ತು, “ಏನಾದ್ರೂ ಬರಿಯಮ್ಮ,” ಅಂತ ನನಗೆ ಹೇಳಿ ಹೊರಗೆ ನಡೆದರು.

ಪೆನ್ನು ಹಿಡಿದು ಕೂತೆ. ‘ಬಿಟ್ಬಿಡಿ’ ಅಂದರೆ ತುಟಿ ಎರಡು ಸಲ ಕೂಡುತ್ತದೆ. ಅವಳದು ಒಂದೇ ಸಲ. “ಅಮ್ಮಾ?” ಅಂದೆ.

“ಅಮ್ಮಾ ಅಂತ ಎಷ್ಟು ಸಲ ಸತ್ತಿದೀನಿ ಗೊತ್ತೇನೇ? ಸಾಕು.”

ಅವಳ ಬಾಯನ್ನು ಮತ್ತೆ ಮತ್ತೆ ನೋಡಿದೆ. ಮೊದಲಿಗೆ ಒಂದು ‘ಬ’, ಆಮೇಲೆಲ್ಲ ತೆರೆದ ಬಾಯಿ. ಕೈ ತಾನಾಗಿ ಬರೆಯಿತು. ಹಾಳೆ ನೋಡಿದ ಅತ್ತೆ ನನ್ನ ಕೆನ್ನೆ ಹಿಂಡಿದರು, ಅದೂ ನೋವಾಗುವಂತೆ. ಮದುವೆಯಾದಾಗಿನಿಂದ ಅವರು ನನ್ನ ಬರವಣಿಗೆಗೆ ಕೊಟ್ಟ ಮೊದಲ ಮೆಚ್ಚುಗೆ ಅದು.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಮೊದಲ ಸಲ ಆ ಮಾತನ್ನೂ ಚೀರಿಯೇಬಿಟ್ಟರು. ಎರಡನೇ ಸಲ ಕಣ್ಣು ಮುಚ್ಚಿ, ಮರೆತವನಿಗೆ ನೆನಪು ಮಾಡುವವರ ಹಾಗೆ ಮೆಲ್ಲಗೆ ಹೇಳಿದರು. ಬೆನ್ನಿಗೇ ನಾಯಿಯ ಕುಂಯ್; ಅದು ಒಂದೇ ಸಲಕ್ಕೆ ಆಯಿತು. ಮೇಷ್ಟ್ರು ನಾಯಿಗೇ ಅತ್ತರು, ಅತ್ತದ್ದಕ್ಕೆ ಅತ್ತೆಯ ಕ್ಷಮೆಯನ್ನೂ ಕೇಳಿದರು. ಎಲ್ಲವನ್ನೂ ಕಂಪನಿಗೆ ಕಳಿಸಿದೆವು. ‘ನಾಯಿ ಬಹಳ ಚೆನ್ನಾಗಿದೆ’ ಅಂತ ಉತ್ತರ ಬಂತು. ಬೇರೇನೂ ಇರಲಿಲ್ಲ.

ಬಿಡುಗಡೆಯಾದ ಮೇಲೆ ಮಧ್ಯಾಹ್ನದ ಆಟಕ್ಕೆ ಅತ್ತೆಯೂ ನಾನೂ ಹೋದೆವು. ಮುಂದಿನ ಸಾಲಿನಲ್ಲಿ ಒಬ್ಬ ಧಡಿಯ, ಹೆಂಡತಿ ಜೊತೆ ಬಂದವನು, ರಾಜ ಬಂದಾಗೆಲ್ಲ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆಯುತ್ತಿದ್ದ. ನಾಯಿ ತಲೆ ಎತ್ತಿ ಕುಂಯ್ ಅಂದಾಗ ಇಡೀ ಹಾಲ್ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅತ್ತೆ ಹಲ್ಲು ಕಚ್ಚಿ ಕೂತಿದ್ದರು.

ಹುಡುಗಿಯರ ಸಾಲು ಬಂತು. ಧಡಿಯ ಬೆರಳು ಬಾಯಿಗಿಟ್ಟ. ಮೂರನೇ ಹುಡುಗಿ ರಾಜನ ಕಡೆ ತಿರುಗಿದಳು.

“ಬಾಗಿಲು ತೆಗೆದವಳು ನಾನೇ.”

ಸಿಳ್ಳೆ ಬರಲಿಲ್ಲ. ಧಡಿಯನ ಕೈ ಕೆಳಗಿಳಿಯಿತು. “ಹೌದಲ್ವೇನೇ,” ಅಂತ ಹೆಂಡತಿಗೆ ಹೇಳಿದ್ದು ಇಡೀ ಹಾಲ್‌ಗೆ ಕೇಳಿಸಿತು, “ಇವಳೇ ರೊಟ್ಟಿ ಕೊಟ್ಟಿದ್ದು!” ಎಲ್ಲರೂ ಉತ್ತರಕ್ಕಾಗಿ ರಾಜನ ಮುಖ ನೋಡಿದರು. ಪರದೆಯ ತುಂಬ ಅವನದೇ ಮುಖ, ತುಟಿ ಬಿಗಿದುಕೊಂಡಿತ್ತು. ನಾನೇನು ಮಾಡಲಿ, ಮುಚ್ಚಿದ ಬಾಯಿಗೆ ಮಾತು ಬರೆಯಲಾಗುವುದಿಲ್ಲ.

ಆಟ ಮುಗಿದು ಮೆಟ್ಟಿಲಿಳಿಯುವಾಗ ಧಡಿಯ ನಮ್ಮ ಮುಂದೆಯೇ ಇದ್ದ. ನಾಯಿ ಅಂದ್ರೆ ನಾಯಿ, ಎಂಥ ದನಿ ಅಂತ ಹೆಂಡತಿಗೆ ವರ್ಣಿಸುತ್ತಿದ್ದ. ನಾನು ಸೆರಗು ಹಿಡಿದು ಎಳೆದರೂ ಕೇಳದೆ ಅತ್ತೆ ಅವನ ಭುಜ ತಟ್ಟಿದರು.

“ನಾಯಿ ನಾನೇ ಕಣಪ್ಪ. ಆ ಹುಡುಗಿನೂ ನಾನೇ.”

ಅವನು ನಂಬಲಿಲ್ಲ. ಅತ್ತೆ ಅಲ್ಲೇ ಮೆಟ್ಟಿಲ ಮೇಲೆ ನಿಂತು, ಮೆಲ್ಲಗೆ, ಆ ಮಾತು ಹೇಳಿದರು. ಇಳಿಯುತ್ತಿದ್ದ ಜನ ನಿಂತರು. ನಾಯಿಯ ವಿಷಯ ಯಾರೂ ಕೇಳಲಿಲ್ಲ. ಧಡಿಯ ಅತ್ತೆಯ ನರೆತ ಕೂದಲನ್ನು, ಕೈಯಲ್ಲಿದ್ದ ಫ್ಲಾಸ್ಕನ್ನು ನೋಡಿದ. ಅವನ ಕಣ್ಣು ತುಂಬಿತ್ತು.

“ನಿಮ್ಮನ್ನ ನೇಣಿಗೆ ಹಾಕ್ಬಾರ್ದಿತ್ತಮ್ಮ,” ಅಂದ.

ಲೆಕ್ಕವಿಲ್ಲದಷ್ಟು ಸಿನಿಮಾಗಳಲ್ಲಿ ಸತ್ತಿದ್ದ ನಮ್ಮತ್ತೆಗೆ ಹಾಗಂದವನು ಅವನೇ ಮೊದಲಿಗ.